ಫ್ರಿಜ್‌ನ ಐಸ್ ಮೇಕರ್‌ಗೆ ನೀರು ಬರ್ತಿಲ್ವಾ? ಹುಡುಕಾಟ ನಲ್ಲಿಯಿಂದ ಶುರುವಾಗಲಿ

ಐಸ್ ಡಬ್ಬಿ ಖಾಲಿ. ಬಾಗಿಲಲ್ಲಿರುವ ಗುಂಡಿ ಒತ್ತಿದರೆ ಒಳಗೆ ಗರಗರ ಸದ್ದು ಬರುತ್ತದೆ, ಲೋಟಕ್ಕೆ ಒಂದು ತುಂಡೂ ಬೀಳುವುದಿಲ್ಲ. ಸರ್ವಿಸ್‌ನವರನ್ನು ಕರೆದರೆ ಬಹಳ ಸಲ ಸಿಗುವ ಉತ್ತರ, 'ಐಸ್ ಮೇಕರ್ ಹೋಗಿದೆ, ಇಡೀ ಸೆಟ್ ಬದಲಾಯಿಸಬೇಕು.' ಅದಕ್ಕೆ ಸಾವಿರಾರು ರೂಪಾಯಿ ಬೇಕು. ಹೂಂ ಅನ್ನುವ ಮುಂಚೆ ಸ್ವಲ್ಪ ತಡೆಯಿರಿ. ನಮ್ಮ ಕಡೆಯ ಮನೆಗಳಲ್ಲಿ ಈ ತೊಂದರೆಯ ಮೂಲ ಫ್ರಿಜ್‌ನ ಹೊರಗೇ ಇರುವುದು ಜಾಸ್ತಿ. ನೀರಿನ ಪ್ರೆಶರ್ ಸಾಲದು, ಇಲ್ಲವೇ ಗಡಸು ನೀರಿನ ಸುಣ್ಣ ದಾರಿ ಕಟ್ಟಿದೆ. ಅದನ್ನು ಸರಿಮಾಡದೆ ಹೊಸ ಐಸ್ ಮೇಕರ್ ಹಾಕಿಸಿದರೆ, ಅದೂ ಕೆಲವು ತಿಂಗಳಲ್ಲಿ ಒಣಗಿ ಕೂರುತ್ತದೆ.

ಇಂಟರ್ನೆಟ್‌ನಲ್ಲಿ ಸಿಗುವ ರಿಪೇರಿ ವೀಡಿಯೊಗಳಲ್ಲಿ ಹೆಚ್ಚಿನವು ಅಮೆರಿಕದವು. ಅಲ್ಲಿ ನಗರದ ನೀರು ಒಳ್ಳೆಯ ಪ್ರೆಶರ್‌ನಲ್ಲಿ ನೇರವಾಗಿ ಮನೆಯೊಳಗೆ ಬರುತ್ತದೆ. ಹಾಗಾಗಿ ಅವರು ಪ್ರೆಶರ್ ವಿಷಯವನ್ನು ಒಂದು ಮಾತಿನಲ್ಲಿ ಮುಗಿಸಿ ಮುಂದೆ ಹೋಗುತ್ತಾರೆ. ನಮ್ಮಲ್ಲಿ ನೀರು ಸಂಪ್‌ನಿಂದ ಓವರ್‌ಹೆಡ್ ಟ್ಯಾಂಕಿಗೆ ಹತ್ತಿ, ಅಲ್ಲಿಂದ ತನ್ನ ಭಾರಕ್ಕೇ ಕೆಳಗಿಳಿಯುತ್ತದೆ. ಅದಕ್ಕೇ ನಮ್ಮ ಹುಡುಕಾಟದ ಕ್ರಮ ಬೇರೆ ಇರಬೇಕು.

ನೀರಿನ ದಾರಿಯನ್ನು ಒಮ್ಮೆ ತಿಳಿದುಕೊಳ್ಳೋಣ. ಗೋಡೆಯ ಆಂಗಲ್ ಕಾಕ್ (ಪೈಪು ಸಿಕ್ಕಿಸುವ ಸಣ್ಣ ನಲ್ಲಿ), ಅಲ್ಲಿಂದ ಬಿಳಿ ಪ್ಲಾಸ್ಟಿಕ್ ಪೈಪು, ಫ್ರಿಜ್‌ನ ಹಿಂದೆ ಕೆಳಗಡೆ ಇರುವ ಇನ್ಲೆಟ್ ವಾಲ್ವ್ (ಕರೆಂಟಿನಿಂದ ತೆರೆದು ನೀರನ್ನು ಒಳಗೆ ಬಿಡುವ ಭಾಗ), ಆಮೇಲೆ ಫಿಲ್ಟರ್. ಅಲ್ಲಿಂದ ದಾರಿ ಎರಡಾಗುತ್ತದೆ. ಒಂದು ಕುಡಿಯುವ ನೀರಿನ ಡಿಸ್ಪೆನ್ಸರ್‌ಗೆ, ಇನ್ನೊಂದು ಸಣ್ಣ ಟ್ಯೂಬ್ ಮೂಲಕ ಐಸ್ ಅಚ್ಚಿಗೆ. ವಾಲ್ವ್ ಕೆಲವೇ ಸೆಕೆಂಡು ತೆರೆದು ಮುಚ್ಚುತ್ತದೆ. ಅಷ್ಟರಲ್ಲಿ ಎಷ್ಟು ನೀರು ಬಿತ್ತೋ ಅಷ್ಟೇ ಐಸ್. ಮಾಡೆಲ್‌ನಿಂದ ಮಾಡೆಲ್‌ಗೆ ಈ ಭಾಗಗಳ ಜಾಗ ಸ್ವಲ್ಪ ಬದಲಾಗುತ್ತದೆ, ಕ್ರಮ ಹೆಚ್ಚುಕಡಿಮೆ ಇದೇ.

ಕೈ ಹಾಕುವ ಮುಂಚೆ

ಫ್ರಿಜ್‌ನ ಹಿಂದೆ ಅಥವಾ ಐಸ್ ಮೇಕರ್‌ನ ಒಳಗೆ ಕೈ ಹಾಕುವಾಗ ಪ್ಲಗ್ ಕಿತ್ತಿರಲೇಬೇಕು. ಸ್ವಿಚ್ ಆಫ್ ಮಾಡಿದ್ದೇನೆ ಅನ್ನುವುದು ಸಾಲದು. ಇಲ್ಲಿ ನೀರು, ಕರೆಂಟು ಎರಡೂ ಒಂದೇ ಜಾಗದಲ್ಲಿವೆ. ಪೈಪು ಬಿಚ್ಚುವ ಮುಂಚೆ ಆಂಗಲ್ ಕಾಕ್ ಮುಚ್ಚಿ, ಕೆಳಗೆ ಒಂದು ಬೇಸಿನ್ ಇಡಿ. ಸೈಡ್ ಬೈ ಸೈಡ್ ಫ್ರಿಜ್ ನೂರು ಕಿಲೋ ದಾಟುತ್ತದೆ, ಒಬ್ಬರೇ ಎಳೆಯಬೇಡಿ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಮರೆಯಬೇಡಿ. ಈಗಿನ ಫ್ರಿಜ್‌ಗಳಲ್ಲಿ ಬಹುಪಾಲಿನಲ್ಲಿ ಆರ್600ಎ ಅನ್ನುವ ಗ್ಯಾಸ್ ಇರುತ್ತದೆ. ಅದು ಐಸೊಬ್ಯುಟೇನ್, ಬೆಂಕಿ ಹತ್ತುವ ಗ್ಯಾಸ್. ಕಟ್ಟಿಕೊಂಡ ಐಸನ್ನು ಚಾಕು, ಸ್ಕ್ರೂ ಡ್ರೈವರ್‌ನಿಂದ ಕೆದಕುವಾಗ ಗ್ಯಾಸಿನ ಕೊಳವೆ ತೂತಾದರೆ ಫ್ರಿಜ್ಜೂ ಹೋಗುತ್ತದೆ, ಮನೆಗೂ ಅಪಾಯ. ಹಾಗೇನಾದರೂ ಆಗಿ ಸುಯ್ ಅಂತ ಸದ್ದು ಬಂದರೆ ಕಿಟಕಿ ಬಾಗಿಲು ತೆರೆಯಿರಿ. ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಒಲೆ ಹಚ್ಚಬೇಡಿ, ಹೊರಗೆ ಬಂದು ಮೆಕ್ಯಾನಿಕ್‌ಗೆ ಫೋನ್ ಮಾಡಿ.

ಅಚ್ಚಿನಲ್ಲಿ ಐಸ್ ಇದೆ, ಡಬ್ಬಿಗೆ ಬೀಳುತ್ತಿಲ್ಲ

ಮೊದಲು ಡಬ್ಬಿ ಹೊರಗೆ ತೆಗೆದು, ಟಾರ್ಚ್ ಹಾಕಿ ಅಚ್ಚಿನ ಒಳಗೆ ನೋಡಿ. ಅಲ್ಲಿ ಐಸ್ ಕೂತಿದ್ದರೆ ನೀರು ಬಂದಿದೆ ಅಂತಲೇ ಅರ್ಥ. ಹಳೆಯ ಐಸ್ ಹೊರಗೆ ಬೀಳದೆ ಹೊಸ ನೀರು ಬರುವುದಿಲ್ಲ. ನೀರಿನ ಪೈಪಿನ ಕಡೆ ಸುಮ್ನೆ ಸಮಯ ಕಳೆಯಬೇಡಿ.

ಇಲ್ಲಿ ನೋಡಬೇಕಾದ್ದು ಫ್ರೀಜರ್‌ನ ಚಳಿ. ಮೈನಸ್ 18 ಡಿಗ್ರಿ ಸೆಲ್ಸಿಯಸ್ ಇರಬೇಕು. ಅಚ್ಚು ಸುಮಾರು ಮೈನಸ್ 9ಕ್ಕಿಂತ ಕೆಳಗಿಳಿಯುವವರೆಗೂ ಹೆಚ್ಚಿನ ಐಸ್ ಮೇಕರ್‌ಗಳು ಐಸನ್ನು ಹೊರಗೆ ತಳ್ಳುವುದಿಲ್ಲ. ಥರ್ಮಾಮೀಟರ್ ಇಲ್ವಾ? ಐಸ್‌ಕ್ರೀಂ ಡಬ್ಬಿಗೆ ಚಮಚ ಹಾಕಿ ನೋಡಿ. ಸಲೀಸಾಗಿ ಇಳಿದರೆ ಫ್ರೀಜರ್ ಸಾಕಷ್ಟು ತಣ್ಣಗಿಲ್ಲ. ಬಾಗಿಲಿನ ರಬ್ಬರ್, ಸೆಟ್ಟಿಂಗ್, ಒಳಗೆ ತುರುಕಿಟ್ಟ ಸಾಮಾನು, ಇವನ್ನು ನೋಡಿ. ಚಳಿ ಸರಿಯಿದ್ದೂ ಒಂದು ದಿನ ಕಳೆದರೂ ಐಸ್ ಬೀಳದಿದ್ದರೆ ಮೋಟಾರ್ ಅಥವಾ ಸೆನ್ಸರ್ ತೊಂದರೆ. ಅದು ಮೆಕ್ಯಾನಿಕ್ ಕೆಲಸ.

ಕರೆಂಟ್ ಹೋಗಿ ಬಂದ ಮೇಲೆ ಐಸ್ ನಿಂತಿತು

ಬೇಸಿಗೆಯಲ್ಲಿ ಇದು ತುಂಬಾ ಸಾಮಾನ್ಯ. ಕರೆಂಟ್ ಹೋದಾಗ ಡಬ್ಬಿಯ ಐಸ್ ಅರ್ಧ ಕರಗುತ್ತದೆ, ಬಂದಾಗ ಮತ್ತೆ ಹೆಪ್ಪುಗಟ್ಟಿ ಒಂದೇ ಗಡ್ಡೆಯಾಗುತ್ತದೆ. ಡಬ್ಬಿ ತುಂಬಿದೆಯೋ ಇಲ್ಲವೋ ಅಂತ ನೋಡಲು ಒಂದು ತಂತಿಯ ಕೈ ಅಥವಾ ಬೆಳಕಿನ ಸೆನ್ಸರ್ ಇರುತ್ತದೆ. ಗಡ್ಡೆ ಆ ಕೈಯನ್ನು ಮೇಲೆತ್ತಿ ಹಿಡಿದರೆ ಐಸ್ ಮೇಕರ್ ಡಬ್ಬಿ ತುಂಬಿದೆ ಅಂದುಕೊಂಡು ಸುಮ್ಮನಾಗುತ್ತದೆ. ಡಬ್ಬಿ ಖಾಲಿ ಮಾಡಿ, ಬೆಚ್ಚಗಿನ ನೀರಲ್ಲಿ ತೊಳೆದು, ಚೆನ್ನಾಗಿ ಒರೆಸಿ ಇಡಿ. ತಂತಿ ಕೈ ಕೆಳಗಿಳಿದಿರಲಿ. ಸೆನ್ಸರ್ ಮೇಲೆ ಮಂಜು ಕಟ್ಟಿದ್ದರೆ ಒಣಬಟ್ಟೆಯಿಂದ ಒರೆಸಿ.

ಬಾಗಿಲಿನ ಪ್ಯಾನೆಲ್ಲಿನಲ್ಲಿ ಐಸ್ ಆಫ್ ಆಗಿದೆಯಾ ಅಂತಲೂ ನೋಡಿ. ಮಕ್ಕಳ ಕೈ ತಾಗಿ ಆಫ್ ಆಗಿರುವುದು ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ. ಆನ್ ಮಾಡಿದ ಮೇಲೆ 24 ಗಂಟೆ ಕಾಯಿರಿ.

ಡಿಸ್ಪೆನ್ಸರ್‌ನಲ್ಲೂ ನೀರಿಲ್ಲ, ಐಸೂ ಇಲ್ಲ

ಎರಡೂ ನಿಂತಿದ್ದರೆ ದೋಷ ದಾರಿ ಎರಡಾಗುವ ಮುಂಚೆಯೇ ಇದೆ. ಗೋಡೆಯಿಂದ ಶುರು ಮಾಡಿ.

ಆಂಗಲ್ ಕಾಕ್ ಪೂರ್ತಿ ತೆರೆದಿದೆಯಾ? ಪ್ಲಂಬರ್ ಬಂದು ಹೋದ ಮೇಲೆ ಅರ್ಧ ತೆರೆದೇ ಉಳಿದಿರುತ್ತದೆ. ಫ್ರಿಜ್ಜನ್ನು ಗೋಡೆಗೆ ಒತ್ತಿ ತಳ್ಳಿದಾಗ ಪೈಪು ಮಡಚಿದೆಯಾ? ಮಡಚಿದ ಜಾಗದಲ್ಲಿ ಬಿಳಿ ಗೀರು ಬಿದ್ದಿದ್ದರೆ ಪೈಪನ್ನೇ ಬದಲಾಯಿಸಿ. ನೆಟ್ಟಗೆ ಮಾಡಿದರೂ ಅಲ್ಲೇ ಒಡೆಯುತ್ತದೆ.

ಆಮೇಲೆ ಫಿಲ್ಟರ್. ಸಾಮಾನ್ಯವಾಗಿ 6 ತಿಂಗಳಿಗೆ ಬದಲಾಯಿಸಲು ಹೇಳುತ್ತಾರೆ. ಟ್ಯಾಂಕರ್ ನೀರು ಬಳಸುವ ಮನೆಗಳಲ್ಲಿ ಅಷ್ಟು ದಿನ ಬಾಳುವುದಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟ್‌ಗಳು ಟ್ಯಾಂಕರ್ ನೀರನ್ನೇ ನಂಬಬೇಕಾಯಿತಲ್ಲ, ಅಂಥ ನೀರಿನ ಸಣ್ಣ ಮಣ್ಣು ನೇರವಾಗಿ ಬಂದು ಕೂರುವುದು ಈ ಫಿಲ್ಟರ್‌ನಲ್ಲೇ. ಸಂಪ್ ಅಥವಾ ಟ್ಯಾಂಕ್ ತೊಳೆಸಿದ ವಾರವೂ ಹಾಗೆಯೇ, ಪೈಪಿನಲ್ಲಿ ಕೆಸರು, ಗಾಳಿ ಎರಡೂ ಬರುತ್ತವೆ. ನಿಮ್ಮ ಮಾಡೆಲ್‌ಗೆ ಬೈಪಾಸ್ ಪ್ಲಗ್ (ಫಿಲ್ಟರ್ ಇಲ್ಲದೆಯೇ ನೀರು ಹಾಯಲು ಅದರ ಜಾಗಕ್ಕೆ ಹಾಕುವ ಮುಚ್ಚಳ) ಇದ್ದರೆ ಫಿಲ್ಟರ್ ತೆಗೆದು ಅದನ್ನು ಹಾಕಿ ನೋಡಿ. ನೀರು ಬಂತು ಅಂದರೆ ಕಳ್ಳ ಸಿಕ್ಕಿದ. ಹೊಸ ಫಿಲ್ಟರ್ ಹಾಕಿದ ಮೇಲೆ ಹತ್ತು ಲೀಟರ್‌ನಷ್ಟು ನೀರನ್ನು ಡಿಸ್ಪೆನ್ಸರ್‌ನಿಂದ ಹರಿಬಿಡಿ. ಒಳಗಿನ ಗಾಳಿ ಹೊರಗೆ ಹೋಗದಿದ್ದರೆ ಐಸ್ ಮೇಕರ್‌ಗೆ ಸರಿಯಾಗಿ ನೀರು ಸಿಗುವುದಿಲ್ಲ.

ಇಷ್ಟಾದರೂ ನೀರಿಲ್ಲ ಅಂದರೆ ಬಕೆಟ್ ಪರೀಕ್ಷೆ ಮಾಡಿ. ಪ್ಲಗ್ ಕಿತ್ತು, ಕಾಕ್ ಮುಚ್ಚಿ, ವಾಲ್ವ್‌ಗೆ ಬರುವ ಪೈಪನ್ನು ಬಿಚ್ಚಿ ಬಕೆಟ್‌ನೊಳಗೆ ಹಿಡಿಯಿರಿ. ಈಗ ಕಾಕ್ ತೆರೆಯಿರಿ. ರಭಸವಾಗಿ ಧಾರೆ ಚಿಮ್ಮಿದರೆ ಮನೆಯ ಕಡೆ ಸರಿಯಿದೆ. ನೀರು ಸೋತು ಜೋತು ಬಿದ್ದರೆ ಮುಂದಿನ ಭಾಗ ನಿಮಗಾಗಿಯೇ.

ಐಸ್ ತೆಳ್ಳಗೆ, ಅರ್ಧಂಬರ್ಧ, ಒಳಗೆ ಟೊಳ್ಳು

ಐಸ್ ಪೂರ್ತಿ ನಿಲ್ಲುವ ಮುಂಚೆ ಕಾಣುವ ಲಕ್ಷಣ ಇದು. ಹೆಚ್ಚಿನವರು ಗಮನಿಸುವುದಿಲ್ಲ. ವಾಲ್ವ್ ತೆರೆದಿರುವ ಆ ಕೆಲವು ಸೆಕೆಂಡುಗಳಲ್ಲಿ ಸಾಕಷ್ಟು ನೀರು ಬರುತ್ತಿಲ್ಲ ಅಂತ ಅರ್ಥ. ಕಾರಣ ಎರಡು, ಪ್ರೆಶರ್ ಇಲ್ಲವೇ ಸುಣ್ಣ.

ಪ್ರೆಶರ್ ಲೆಕ್ಕ ಸುಲಭ. ಹೆಚ್ಚಿನ ಫ್ರಿಜ್‌ಗಳು ಕನಿಷ್ಠ 20 ಪಿಎಸ್‌ಐ (ಪ್ರೆಶರ್ ಅಳೆಯುವ ಮಾನ) ಕೇಳುತ್ತವೆ, ಕೆಲವು 30 ಅಥವಾ ಇನ್ನೂ ಜಾಸ್ತಿ. ನಿಮ್ಮ ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತದೆ. 10 ಮೀಟರ್ ಎತ್ತರದಿಂದ ಇಳಿಯುವ ನೀರಿಗೆ ಸುಮಾರು 14 ಪಿಎಸ್‌ಐ ಪ್ರೆಶರ್ ಇರುತ್ತದೆ. ಅಂದರೆ 20 ಬೇಕಾದರೆ ಟ್ಯಾಂಕಿನ ನೀರು ಫ್ರಿಜ್‌ಗಿಂತ ಸುಮಾರು 14 ಮೀಟರ್ ಮೇಲಿರಬೇಕು. ಒಂದು ಮಹಡಿಗೆ 3 ಮೀಟರ್ ಅಂತ ಹಿಡಿಯಿರಿ. ನಾಲ್ಕೈದು ಮಹಡಿಯ ಕಟ್ಟಡದಲ್ಲಿ ನೆಲಮಹಡಿಯವರಿಗೆ ಇದು ಹೇಗೋ ಸಿಗುತ್ತದೆ. ಮೇಲಿನ ಮಹಡಿಯವರಿಗೆ ತಲೆಯ ಮೇಲೇ ಟ್ಯಾಂಕ್ ಇದ್ದರೂ ಸಿಗುವುದು 3ರಿಂದ 6 ಪಿಎಸ್‌ಐ ಅಷ್ಟೇ. 30×40 ಸೈಟಿನ ಎರಡಂತಸ್ತಿನ ಮನೆಯಲ್ಲೂ ಇದೇ ಕಥೆ. ಅಡುಗೆಮನೆಯ ನಲ್ಲಿಯಲ್ಲಿ ನೀರು ಧಾರಾಳವಾಗಿ ಬರುತ್ತದಲ್ಲ ಅಂತ ಅನ್ನಿಸುತ್ತದೆ. ನಲ್ಲಿಯ ಬಾಯಿ ದೊಡ್ಡದು, ಪಾತ್ರೆ ತುಂಬಲು ಅಷ್ಟು ಸಾಕು. ಆ ಸಣ್ಣ ಪೈಪು, ಫಿಲ್ಟರ್, ವಾಲ್ವ್ ಇಷ್ಟನ್ನೂ ದಾಟಿ ಹೋಗಲು ಸಾಲದು.

ಡಿಸ್ಪೆನ್ಸರ್ ಇರುವವರು ಒಂದು ಅಳತೆ ಮಾಡಬಹುದು. ಅರ್ಧ ಕಪ್, ಅಂದರೆ ಸುಮಾರು 120 ಮಿಲಿ ನೀರು ತುಂಬಲು 8 ಸೆಕೆಂಡಿಗಿಂತ ಜಾಸ್ತಿ ಬೇಕಾದರೆ ಪ್ರೆಶರ್ ಅಥವಾ ಫಿಲ್ಟರ್ ಮೇಲೆ ಅನುಮಾನ ಪಡಿ.

ಆರ್‌ಒ ಮೆಷಿನ್ನಿನಿಂದ ಫ್ರಿಜ್‌ಗೆ ಪೈಪು ಎಳೆಸಿದವರು ಇಲ್ಲಿ ಸ್ವಲ್ಪ ನಿಲ್ಲಿ. ಗೋಡೆಗೆ ತೂಗುಹಾಕುವ ನಮ್ಮ ಆರ್‌ಒಗಳಲ್ಲಿ ಪಂಪ್ ಇರುವುದು ನೀರನ್ನು ಮೆಂಬ್ರೇನ್ (ನೀರು ಸೋಸುವ ಪೊರೆ) ಒಳಗೆ ತಳ್ಳಲು. ಶುದ್ಧವಾದ ನೀರು ಒಂದು ಪ್ಲಾಸ್ಟಿಕ್ ಟ್ಯಾಂಕಿನಲ್ಲಿ ಸುಮ್ಮನೆ ನಿಂತಿರುತ್ತದೆ, ಅದಕ್ಕೆ ಪ್ರೆಶರ್ ಅನ್ನುವುದೇ ಇಲ್ಲ. ಅದರ ನಲ್ಲಿಯಿಂದ ಪೈಪು ಎಳೆದರೆ ಐಸ್ ಮೇಕರ್‌ಗೆ ಏನೂ ಸಿಗುವುದಿಲ್ಲ. ಸಿಂಕ್ ಕೆಳಗೆ ಇಡುವ, ಪ್ರೆಶರ್ ಟ್ಯಾಂಕ್ ಇರುವ ಆರ್‌ಒ ಬೇಕು. ಇಲ್ಲವೇ ಇರುವ ಮೆಷಿನ್ನಿಗೂ ಫ್ರಿಜ್‌ಗೂ ನಡುವೆ ಪ್ರೆಶರ್ ಸ್ವಿಚ್ ಇರುವ ಸಣ್ಣ ಬೂಸ್ಟರ್ ಪಂಪ್ ಹಾಕಿಸಬೇಕು. ಪ್ರೆಶರ್ ಮಿತಿಮೀರಬಾರದು ಅನ್ನುವುದೂ ನೆನಪಿರಲಿ. ಮ್ಯಾನ್ಯುಯಲ್‌ನಲ್ಲಿ ಗರಿಷ್ಠ ಎಷ್ಟು ಅಂತಲೂ ಇರುತ್ತದೆ.

ಇನ್ನು ಸುಣ್ಣ. ಕಾವೇರಿ ನೀರು ಮಾತ್ರ ಬರುವ ಮನೆಗಳಲ್ಲಿ ಇದರ ಕಾಟ ಕಡಿಮೆ. ಬೋರ್‌ವೆಲ್ ಇದ್ದರೆ ಬೇರೆ ಮಾತು. ಕುಡಿಯುವ ನೀರಿಗಿರುವ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು ಅಂತ ಇದೆ. ನಿಮ್ಮ ಸ್ಟೀಲ್ ನಲ್ಲಿಯ ಮೇಲೆ ಉಜ್ಜಿದರೂ ಹೋಗದ ಬಿಳಿ ಕಲೆ ಇದ್ದರೆ ವಾಲ್ವ್ ಒಳಗೂ ಅದೇ ಇದೆ. ಫ್ರಿಜ್‌ನ ಫಿಲ್ಟರ್ ಇದನ್ನು ತಡೆಯುವುದಿಲ್ಲ. ಅದು ಕಾರ್ಬನ್ ಫಿಲ್ಟರ್, ಕ್ಲೋರಿನ್ ವಾಸನೆ ತೆಗೆಯುತ್ತದೆ, ಕಸ ಹಿಡಿಯುತ್ತದೆ, ಗಡಸುತನವನ್ನು ಮುಟ್ಟುವುದೇ ಇಲ್ಲ.

ಪ್ಲಗ್ ಕಿತ್ತು, ನೀರು ಮುಚ್ಚಿ, ವಾಲ್ವ್‌ನ ಬಾಯಿಗೆ ಟಾರ್ಚ್ ಹಿಡಿಯಿರಿ. ಒಳಗೆ ಅಂಗಿಯ ಗುಂಡಿಯಷ್ಟು ದೊಡ್ಡ ಜಾಲರಿ ಕಾಣುತ್ತದೆ. ಹೊಸದರಲ್ಲಿ ಅದರ ಸಣ್ಣ ಸಣ್ಣ ಕಿಂಡಿಗಳಿಂದ ಬೆಳಕು ಹಾಯುತ್ತದೆ. ಬೋರ್ ನೀರಿನಲ್ಲಿ ಎರಡು ಮೂರು ವರ್ಷ ದುಡಿದ ಜಾಲರಿಯ ಅಂಚಿನಲ್ಲಿ ಗಟ್ಟಿ ಬಿಳಿ ಪದರ ಕೂತಿರುತ್ತದೆ, ನಡುವೆ ಕಂದು ಲೋಳೆ. ಉಗುರಿನಿಂದ ಕೆರೆದರೆ ಪುಡಿಪುಡಿಯಾಗಿ ಉದುರುತ್ತದೆ. ಜಾಲರಿ ಸುಲಭವಾಗಿ ಹೊರಗೆ ಬರುವಂಥದ್ದಾದರೆ ಬಿಳಿ ವಿನಿಗರ್‌ನಲ್ಲಿ ಅರ್ಧ ಗಂಟೆ ನೆನೆಸಿ, ಹಳೆಯ ಟೂತ್‌ಬ್ರಷ್‌ನಿಂದ ಮೆಲ್ಲಗೆ ಉಜ್ಜಿ ತೊಳೆಯಿರಿ. ಬರದಿದ್ದರೆ ಜಗ್ಗಬೇಡಿ. ಇಡೀ ವಾಲ್ವನ್ನು ವಿನಿಗರ್‌ನಲ್ಲಿ ಮುಳುಗಿಸಬೇಡಿ, ಅದರ ಮೇಲೆ ವಾಲ್ವನ್ನು ತೆರೆಯುವ ಕರೆಂಟಿನ ಕಾಯಿಲ್ (ತಂತಿಯ ಸುರುಳಿ) ಇದೆ. ಜಾಲರಿ ಕಿತ್ತೆಸೆದು ಹಾಗೇ ಜೋಡಿಸುವುದೂ ಬೇಡ. ಕಸ ಒಳಗೆ ಹೋಗಿ ವಾಲ್ವ್ ಮುಚ್ಚದೇ ಉಳಿದರೆ ಫ್ರೀಜರ್ ತುಂಬ ನೀರು.

ಡಿಸ್ಪೆನ್ಸರ್ ನೀರು ಚೆನ್ನಾಗಿದೆ, ಅಚ್ಚು ಮಾತ್ರ ಒಣಗಿದೆ

ನೀರು ಕವಲಿನವರೆಗೆ ಬರುತ್ತಿದೆ. ಹಾಗಾಗಿ ಅನುಮಾನ ಮೂರರ ಮೇಲೆ: ಹೆಪ್ಪುಗಟ್ಟಿದ ಟ್ಯೂಬ್, ಐಸ್ ಕಡೆಗೆ ನೀರು ಬಿಡುವ ವಾಲ್ವ್, ಅದಕ್ಕೆ ಆದೇಶ ಕೊಡುವ ಭಾಗ.

ಅಚ್ಚಿನ ಹಿಂಬದಿಯಲ್ಲಿ ನೀರು ಬೀಳುವ ಟ್ಯೂಬಿನ ತುದಿ ನೋಡಿ. ಅಲ್ಲಿ ಬಿಳಿ ಐಸ್ ಬೆಣೆ ಹೊಡೆದಂತೆ ಕೂತಿದ್ದರೆ ಅದೇ ಕಾರಣ. ಪ್ಲಗ್ ಕಿತ್ತು, ಸಾಮಾನು ಬೇರೆಡೆ ಇಟ್ಟು, ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಟ್ಯೂಬಿಗೆ ಸುತ್ತಿ. ಎರಡು ಮೂರು ಸಲ ಬಟ್ಟೆ ಬದಲಿಸಿದರೆ ಕರಗುತ್ತದೆ. ಸೂಜಿ ಇಲ್ಲದ ಸಿರಿಂಜ್‌ನಿಂದ ಬೆಚ್ಚಗಿನ ನೀರು ಬಿಡುವುದೂ ಒಳ್ಳೆಯ ಉಪಾಯ. ಹೇರ್ ಡ್ರೈಯರ್ ಬಳಸುವುದಾದರೆ ಕಡಿಮೆ ಬಿಸಿಯಲ್ಲಿ, ದೂರ ಹಿಡಿದು, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಿರಿ. ಒದ್ದೆ ಕೈಯಲ್ಲಿ ಅದನ್ನು ಹಿಡಿಯಲೇಬೇಡಿ. ಬೆಂಕಿಯ ಕಡ್ಡಿ, ಮೇಣದ ಬತ್ತಿ, ಕುದಿಯುವ ನೀರು ಬೇಡವೇ ಬೇಡ.

ಟ್ಯೂಬ್ ಸ್ವಚ್ಛವಾಗಿದ್ದರೆ ಸದ್ದು ಕೇಳಿಸಿಕೊಳ್ಳಿ. ಹಲವು ಐಸ್ ಮೇಕರ್‌ಗಳಲ್ಲಿ ಟೆಸ್ಟ್ ಗುಂಡಿ ಇರುತ್ತದೆ. ಮ್ಯಾನ್ಯುಯಲ್ ನೋಡಿ ಒಮ್ಮೆ ಒತ್ತಿ. ಅಚ್ಚು ತಿರುಗಿದ ಮೇಲೆ ಫ್ರಿಜ್‌ನ ಹಿಂದೆ ಗುಂಯ್ ಅನ್ನುವ ಸದ್ದು ಕೆಲವು ಸೆಕೆಂಡು ಬರಬೇಕು. ಸದ್ದು ಬಂದು ನೀರು ಬರದಿದ್ದರೆ ವಾಲ್ವ್ ಕಟ್ಟಿಕೊಂಡಿದೆ. ಸದ್ದೇ ಇಲ್ಲದಿದ್ದರೆ ಕಾಯಿಲ್ ಸುಟ್ಟಿದೆ ಅಥವಾ ಅದಕ್ಕೆ ಕರೆಂಟ್ ಬರುತ್ತಿಲ್ಲ. ಗುಂಡಿಯನ್ನು ಮೇಲಿಂದ ಮೇಲೆ ಒತ್ತಬೇಡಿ, ನೀರು ಡಬ್ಬಿಗೆ ಚೆಲ್ಲುತ್ತದೆ.

ಮಲ್ಟಿಮೀಟರ್ ಬಳಸಿ ಗೊತ್ತಿದ್ದವರು ಪ್ಲಗ್ ಕಿತ್ತು, ವೈರು ಬಿಡಿಸಿ, ಕಾಯಿಲ್‌ನ ಓಮ್ ಅಳೆಯಬಹುದು. ಮೀಟರ್ ಏನೂ ತೋರಿಸದಿದ್ದರೆ ಕಾಯಿಲ್ ತುಂಡಾಗಿದೆ. ಅಮೆರಿಕದ ವೀಡಿಯೊದಲ್ಲಿ ಹೇಳುವ 200ರಿಂದ 500 ಓಮ್ ಅಲ್ಲಿನ 120 ವೋಲ್ಟ್ ವಾಲ್ವಿನದು. ನಮ್ಮ 230 ವೋಲ್ಟಿನ ಕಾಯಿಲ್‌ಗಳಲ್ಲಿ ಅದು ಸಾಮಾನ್ಯವಾಗಿ ಸಾವಿರಗಳಲ್ಲಿ ಇರುತ್ತದೆ. ಅದನ್ನು ಕಂಡು ವಾಲ್ವ್ ಕೆಟ್ಟಿದೆ ಅಂತ ಎಸೆಯಬೇಡಿ. ಕರೆಂಟ್ ಹರಿಯುತ್ತಿರುವಾಗ ವೋಲ್ಟೇಜ್ ಅಳೆಯುವ ಕೆಲಸ ಮೆಕ್ಯಾನಿಕ್‌ಗೆ ಬಿಡಿ.

ಕರಗಿಸಿದೆ, ಸರಿಯಾಯಿತು, ವಾರ ಕಳೆಯುವಷ್ಟರಲ್ಲಿ ಮತ್ತೆ ಟ್ಯೂಬ್ ಹೆಪ್ಪುಗಟ್ಟಿತು

ಜನ ಹೆಚ್ಚು ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಟ್ಯೂಬ್ ತಾನಾಗಿ ಹೆಪ್ಪುಗಟ್ಟುವುದಿಲ್ಲ. ಹೆಚ್ಚಿನ ಸಲ ವಾಲ್ವ್ ಪೂರ್ತಿ ಮುಚ್ಚದೆ ಹನಿ ಹನಿ ಜಿನುಗುತ್ತಿರುತ್ತದೆ. ಆ ಹನಿ ಅಚ್ಚಿಗೆ ಬೀಳುವ ಮುಂಚೆ ಟ್ಯೂಬಿನ ತುದಿಯಲ್ಲೇ ಗಟ್ಟಿಯಾಗುತ್ತದೆ, ಪದರದ ಮೇಲೆ ಪದರ ಬೆಳೆದು ಬಾಯಿ ಮುಚ್ಚುತ್ತದೆ.

ಜಿನುಗುವುದಕ್ಕೂ ಪ್ರೆಶರ್‌ಗೂ ನಂಟಿದೆ. ಈ ವಾಲ್ವಿನೊಳಗೆ ಒಂದು ರಬ್ಬರ್ ಪೊರೆ ಇದೆ. ಕರೆಂಟ್ ನಿಂತಾಗ ಅದನ್ನು ಒತ್ತಿ ಮುಚ್ಚಿಡುವುದು ಹಿಂದಿನಿಂದ ಬರುವ ನೀರಿನ ಪ್ರೆಶರ್. ಪ್ರೆಶರ್ ಕಡಿಮೆ ಇದ್ದರೆ ಪೊರೆ ಗಟ್ಟಿಯಾಗಿ ಕೂರುವುದಿಲ್ಲ. ಸುಣ್ಣದ ಒಂದು ಕಣ ಸಿಕ್ಕಿಕೊಂಡರೂ ಅದೇ ಗತಿ. ಹೊಸ ವಾಲ್ವ್ ಹಾಕಿಸಿದರೂ ತಿಂಗಳೊಳಗೆ ಅದೇ ತೊಂದರೆ ಬಂತು ಅನ್ನುವವರ ಮನೆಯಲ್ಲಿ ಪ್ರೆಶರ್ ಅಳೆದು ನೋಡಿ, ಉತ್ತರ ಸಿಗುತ್ತದೆ.

ಪರೀಕ್ಷೆ ಹೀಗೆ. ಪ್ಲಗ್ ಕಿತ್ತು, ಕಾಕ್ ಮುಚ್ಚಿ, ವಾಲ್ವಿನಿಂದ ಐಸ್ ಮೇಕರ್‌ಗೆ ಹೋಗುವ ಪೈಪನ್ನು ಬಿಚ್ಚಿ, ವಾಲ್ವಿನ ಬಾಯಿಯ ಕೆಳಗೆ ಒಣಲೋಟ ಇಟ್ಟು, ಆಮೇಲೆ ಕಾಕ್ ತೆರೆಯಿರಿ. ಒಂದು ಗಂಟೆ ಬಿಟ್ಟು ನೋಡಿ. ಕರೆಂಟ್ ಇಲ್ಲದಾಗ ಒಂದು ಹನಿಯೂ ಬರಬಾರದು. ಬಂದರೆ ಮೊದಲು ಪ್ರೆಶರ್ ಸರಿಮಾಡಿ, ಆಮೇಲೂ ಜಿನುಗಿದರೆ ವಾಲ್ವ್ ಬದಲಾಯಿಸಿ. ಕ್ರಮ ತಿರುಗಿಸಬೇಡಿ. ಜೊತೆಗೆ ಗೋಡೆಯ ಕಾಕ್‌ಗೂ ಫ್ರಿಜ್‌ಗೂ ನಡುವೆ 5 ಮೈಕ್ರಾನ್‌ನ ಸೆಡಿಮೆಂಟ್ ಫಿಲ್ಟರ್ (ಸಣ್ಣ ಮಣ್ಣು, ಕಸ ಹಿಡಿಯುವ ಫಿಲ್ಟರ್) ಹಾಕಿಸಿ. ಕೆಲವು ನೂರು ರೂಪಾಯಿಯ ಖರ್ಚು, ವಾಲ್ವಿನ ಆಯಸ್ಸು ಹೆಚ್ಚುತ್ತದೆ.

ಪೈಪಿಲ್ಲದ, ಕೈಯಿಂದ ನೀರು ತುಂಬುವ ಫ್ರಿಜ್

ನಮ್ಮಲ್ಲಿ ಇಂಥವೂ ಸಾಕಷ್ಟಿವೆ. ಟ್ಯಾಂಕ್ ಪೂರ್ತಿ ಒಳಗೆ ಕೂತಿದೆಯಾ, ಅದರೊಳಗಿನ ಸಣ್ಣ ಫಿಲ್ಟರ್ ಲೋಳೆಗಟ್ಟಿದೆಯಾ, ಇಷ್ಟು ನೋಡಿ. ಟ್ಯಾಂಕ್ ತೆಗೆದು ತೊಳೆದು ಟಕ್ ಅನ್ನುವಂತೆ ಕೂರಿಸಿ. ಪಂಪಿನ ಸದ್ದು ಬಂದೂ ನೀರು ಬರದಿದ್ದರೆ ಪಂಪಿನಲ್ಲಿ ಗಾಳಿ ಇದೆ ಅಥವಾ ಅದೇ ಕೆಟ್ಟಿದೆ.

ಎಲ್ಲಿ ಕೈ ಬಿಡಬೇಕು

ಸುಟ್ಟ ವಾಸನೆ, ಮುಟ್ಟಿದರೆ ಜುಂ ಅನ್ನುವುದು, ವೈರು ಕಪ್ಪಾಗಿರುವುದು, ಕೆಳಗೆ ನೀರು ನಿಲ್ಲುವುದು, ಇವುಗಳಲ್ಲಿ ಒಂದು ಕಂಡರೂ ಹುಡುಕಾಟ ನಿಲ್ಲಿಸಿ. ಒಣನೆಲದ ಮೇಲೆ ನಿಂತು ಕೈ ಒಣಗಿದ್ದರೆ ಮಾತ್ರ ಪ್ಲಗ್ ಕೀಳಿ. ನೆಲ ಒದ್ದೆಯಾಗಿದ್ದರೆ ಮೇನ್ ಆಫ್ ಮಾಡಿ. ವಾರಂಟಿ ಇನ್ನೂ ಇದ್ದರೆ ಒಂದು ಸ್ಕ್ರೂ ಕೂಡ ಬಿಚ್ಚಬೇಡಿ.

ಮೆಕ್ಯಾನಿಕ್‌ಗೆ ಫೋನ್ ಮಾಡುವಾಗ ಬರೀ 'ಐಸ್ ಬರ್ತಿಲ್ಲ' ಅನ್ನಬೇಡಿ. ಅಚ್ಚು ಖಾಲಿಯೋ ತುಂಬಿದೆಯೋ, ಡಿಸ್ಪೆನ್ಸರ್ ನೀರು ಬರುತ್ತದೋ ಇಲ್ಲವೋ, ಬಕೆಟ್ ಪರೀಕ್ಷೆಯಲ್ಲಿ ಧಾರೆ ಹೇಗಿತ್ತು, ವಾಲ್ವಿನ ಸದ್ದು ಕೇಳಿತೋ ಇಲ್ಲವೋ, ಈ ನಾಲ್ಕು ಹೇಳಿ. ಅವರು ಸರಿಯಾದ ಪಾರ್ಟ್ ಹಿಡಿದು ಬರುತ್ತಾರೆ. ಇಡೀ ಸೆಟ್ ಬದಲಾಯಿಸಬೇಕು ಅಂದರೆ, 'ಪ್ರೆಶರ್ ಎಷ್ಟಿದೆ ಅಂತ ಗೇಜ್ ಹಾಕಿ ತೋರಿಸಿ' ಅಂತ ಕೇಳಿ.

ರಿಪೇರಿ ಆದ ಮೇಲೆ ಮೊದಲ ಎರಡು ಮೂರು ಸಲದ ಐಸ್ ಎಸೆಯಿರಿ. ಬೋರ್ ಅಥವಾ ಟ್ಯಾಂಕರ್ ನೀರನ್ನು ಶುದ್ಧ ಮಾಡದೆ ನೇರವಾಗಿ ಕೊಟ್ಟಿದ್ದರೆ ಆ ಐಸನ್ನು ಕುಡಿಯುವುದಕ್ಕೆ ಬಳಸಲೇಬೇಡಿ. ಹೆಪ್ಪುಗಟ್ಟಿದ ಮಾತ್ರಕ್ಕೆ ರೋಗಾಣು ಸಾಯುವುದಿಲ್ಲ. ಮಾರನೆಯ ದಿನ ಪೈಪಿನ ಪ್ರತಿ ಜಾಯಿಂಟಿಗೂ ಒಣ ಟಿಶ್ಯೂ ಒತ್ತಿ ನೋಡಿ. ಒದ್ದೆಯಾಗದಿದ್ದರೆ ಫ್ರಿಜ್ಜನ್ನು ಗೋಡೆಯ ಕಡೆ ತಳ್ಳಿ, ಪೈಪು ಮಡಚದಷ್ಟು ಜಾಗ ಬಿಟ್ಟು.